ಆಸ್ಪತ್ರೆಯ ಬ್ಯಾಕ್ಟೀರಿಯಾಗೆ ಔಷಧ ಮುರಿಯುವ ಕಿಣ್ವ ಎಲ್ಲಿಂದ ಬರುತ್ತದೆ?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಕಲ್ಚರ್ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅಂತ ಬಂತು. ಕೆಳಗೆ 'ಇಎಸ್‌ಬಿಎಲ್ ಪಾಸಿಟಿವ್' ಅಂತ ಬರೆದಿತ್ತು. ಸೆಫೊಟ್ಯಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸೆಫ್ಟಾಜಿಡಿಮ್ ಎದುರಿಗೆಲ್ಲ ಸಾಲಾಗಿ 'ಆರ್', ಅಂದರೆ ಔಷಧ ನಾಟುವುದಿಲ್ಲ. ಮೆರೊಪೆನೆಮ್ ಎದುರಿಗೆ ಮಾತ್ರ 'ಎಸ್', ಅಂದರೆ ನಾಟುತ್ತದೆ. ಡಾಕ್ಟರು ಔಷಧ ಬದಲಾಯಿಸಿದರು, ಈಗ ಅವರು ಹುಷಾರಾಗಿದ್ದಾರೆ.

ನನ್ನ ತಲೆ ಕೊರೆಯುತ್ತಿರುವುದು ಬೇರೆ ವಿಷಯ. ಯಾರನ್ನು ಕೇಳಿದರೂ "ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಹೋಗಿದೆ, ಅದನ್ನು ಮುರಿಯೋ ಕಿಣ್ವ ಮಾಡ್ಕೊಂಡಿದೆ" ಅನ್ನುತ್ತಾರೆ. ಒಂದೇ ಕೋಶದ ಜೀವಿ. ಮಿದುಳಿಲ್ಲ, ಕಣ್ಣಿಲ್ಲ. 1980ರ ಹೊತ್ತಿಗೆ ಬಳಕೆಗೆ ಬಂದ ಔಷಧಕ್ಕೆ ಸರಿಯಾಗಿ ಹೊಂದುವ ಕಿಣ್ವವನ್ನು ಅದು ಹೇಗೆ 'ಮಾಡ್ಕೊಂಡಿತು'? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಉದ್ದವಾದರೂ ಪರವಾಗಿಲ್ಲ, ಓದುತ್ತೇನೆ.

ಕಿಣ್ವಪ್ರಿಯ:

ನೀಲಿಶಾಯಿ ಅವರೇ, ನಾನು ಜೀವರಸಾಯನಶಾಸ್ತ್ರ ಓದಿದವನು, ಇದೇ ಜಾತಿಯ ಕಿಣ್ವಗಳ ಮೇಲೆ ಕೆಲಸ ಮಾಡುತ್ತೇನೆ. 'ಒಗ್ಗಿಹೋಗಿದೆ' ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಯಾವ ಒಂದು ಬ್ಯಾಕ್ಟೀರಿಯಾವೂ ಏನನ್ನೂ ಕಲಿಯುವುದಿಲ್ಲ. ಔಷಧ ಬಿದ್ದಾಗ ಹೆಚ್ಚಿನವು ಸಾಯುತ್ತವೆ. ಮೊದಲೇ ಸ್ವಲ್ಪ ಬೇರೆ ಥರ ಇದ್ದ ಒಂದೆರಡು ಬದುಕುತ್ತವೆ. ಮಾರನೆಯ ದಿನ ಅಲ್ಲಿ ತುಂಬಿಕೊಂಡಿರುವುದು ಆ ಒಂದೆರಡರ ಮಕ್ಕಳು, ಮೊಮ್ಮಕ್ಕಳು.

ಕಿಣ್ವ ಔಷಧಕ್ಕಿಂತ ಹಳೆಯದು. ಆಕ್ಸ್‌ಫರ್ಡಿನಲ್ಲಿ ಏಬ್ರಹಾಂ ಮತ್ತು ಚೇನ್ ಪೆನಿಸಿಲಿನ್ ಹಾಳುಮಾಡುವ ಕಿಣ್ವವನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಕಂಡು ವರದಿ ಮಾಡಿದ್ದು 1940ರ ಡಿಸೆಂಬರ್‌ನಲ್ಲಿ. ಅದೇ ತಂಡ ಗಂಭೀರ ಸೋಂಕಿದ್ದ ಮೊದಲ ರೋಗಿಗೆ ಪೆನಿಸಿಲಿನ್ ಚುಚ್ಚಿದ್ದು 1941ರ ಫೆಬ್ರವರಿಯಲ್ಲಿ. ಅಂದರೆ ಔಷಧ ಆಸ್ಪತ್ರೆಗೆ ಕಾಲಿಡುವ ಮೊದಲೇ ಅದನ್ನು ಮುರಿಯುವ ಕಿಣ್ವ ಇತ್ತು. 2011ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಕೆನಡಾದ ಯುಕಾನ್ ಪ್ರದೇಶದಲ್ಲಿ ಸುಮಾರು 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನ ಡಿಎನ್‌ಎಯಲ್ಲೂ ಇಂಥ ಜೀನ್‌ಗಳು ಸಿಕ್ಕವು. ಅಚ್ಚರಿ ಏನಿಲ್ಲ. ಪೆನಿಸಿಲಿನ್ ಮಾಡುವ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಮಣ್ಣಿನಲ್ಲಿ ಕೋಟ್ಯಂತರ ವರ್ಷಗಳಿಂದ ಅಕ್ಕಪಕ್ಕದಲ್ಲೇ ಇವೆ.

ಈಗ ಒಳಗಿನ ಕೆಲಸ. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆಯ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಕಿಣ್ವದ ಒಳಗೆ ಸೆರೀನ್ ಅನ್ನುವ ಅಮೈನೋ ಆಮ್ಲ ಇರುತ್ತದೆ. ಎಳೆಯ ತುದಿಯನ್ನು ಹಿಡಿಯುವುದು ಅದೇ. ಪೆನಿಸಿಲಿನ್ ನೋಡಲು ಆ ಎಳೆಯ ತುದಿಯ ಹಾಗೇ ಇರುತ್ತದೆ. ಅದರ ನಡುವೆ ನಾಲ್ಕೇ ಪರಮಾಣುಗಳ ಒಂದು ಉಂಗುರ ಇದೆ, ಬಗ್ಗಿಸಿ ಕಟ್ಟಿದ ಬಿಲ್ಲಿನ ಹಾಗೆ ಸೆಟೆದುಕೊಂಡು. ಸೆರೀನ್ ಅದನ್ನು ಹಿಡಿದ ತಕ್ಷಣ ಉಂಗುರ ಬಿಚ್ಚಿಕೊಂಡು ಸೆರೀನ್‌ಗೇ ಅಂಟಿಕೊಳ್ಳುತ್ತದೆ. ಅಂಟಿದ್ದು ಬೇಗ ಬಿಡುವುದಿಲ್ಲ. ಹೊಲಿಯುವ ಕೆಲಸ ನಿಂತಿತು, ಗೋಡೆ ಸಡಿಲವಾಯಿತು, ಬ್ಯಾಕ್ಟೀರಿಯಾ ಒಡೆಯಿತು.

ಔಷಧ ಮುರಿಯುವ ಕಿಣ್ವವೂ, ಅಂದರೆ ಬೀಟಾ ಲ್ಯಾಕ್ಟಮೇಸ್ ಕೂಡ, ಮೊದಲ ಹೆಜ್ಜೆಯಲ್ಲಿ ಇದನ್ನೇ ಮಾಡುತ್ತದೆ. ಅಲ್ಲೂ ಸೆರೀನ್ ಇದೆ, ಅಲ್ಲೂ ಉಂಗುರ ಬಿಚ್ಚಿ ಅಂಟಿಕೊಳ್ಳುತ್ತದೆ. ವ್ಯತ್ಯಾಸ ಎರಡನೇ ಹೆಜ್ಜೆಯಲ್ಲಿ. ಪಕ್ಕದಲ್ಲೇ ಒಂದು ಗ್ಲುಟಮೇಟ್ ಇರುತ್ತದೆ. ಅದು ಒಂದು ನೀರಿನ ಕಣವನ್ನು ಸರಿಯಾದ ಜಾಗದಲ್ಲಿ ಹಿಡಿದು ಸಜ್ಜು ಮಾಡಿರುತ್ತದೆ. ನೀರು ಬಂದು ಆ ಅಂಟನ್ನು ಕಡಿಯುತ್ತದೆ. ಮುರಿದ ಔಷಧ ಹೊರಗೆ, ಕಿಣ್ವ ಮತ್ತೆ ಖಾಲಿ. ಟೆಮ್-1 ಅನ್ನುವ ಕಿಣ್ವದ ಒಂದೇ ಒಂದು ಕಣ ಸೆಕೆಂಡಿಗೆ ಸಾವಿರದಷ್ಟು ಪೆನಿಸಿಲಿನ್ ಕಣಗಳನ್ನು ಹೀಗೆ ಮುಗಿಸುತ್ತದೆ. ಎರಡೂ ಕಿಣ್ವಗಳ ಮಡಿಕೆ, ಆಕಾರ ಎಷ್ಟು ಹತ್ತಿರ ಅಂದರೆ, ಗೋಡೆ ಕಟ್ಟುವವುಗಳ ವಂಶದಿಂದಲೇ ಔಷಧ ಮುರಿಯುವವು ಕವಲೊಡೆದಿವೆ ಅನ್ನುವುದು ಈಗ ಎಲ್ಲರೂ ಒಪ್ಪಿದ ಮಾತು.

ಎರಡುಬಾರಿಕೇಳು:

ಒಂದು ಅನುಮಾನ. ಕಿಣ್ವ ಅಷ್ಟು ಹಳೆಯದಾದರೆ ಹೊಸ ಔಷಧಗಳು ಶುರುವಿನಲ್ಲಿ ಯಾಕೆ ಕೆಲಸ ಮಾಡುತ್ತವೆ? ಆಮೇಲೆ ಯಾಕೆ ಸೋಲುತ್ತವೆ? ನಡುವೆ ಏನೋ ಹೊಸದು ಹುಟ್ಟಲೇಬೇಕಲ್ವಾ? ಔಷಧವೇ ಆ ಬದಲಾವಣೆಯನ್ನು ಹುಟ್ಟಿಸುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಕಿಣ್ವಪ್ರಿಯ:

ಹೊಸದು ಹುಟ್ಟುತ್ತದೆ, ನಿಜ. ಆದರೆ ಔಷಧ ನೋಡಿ ಹುಟ್ಟುವುದಿಲ್ಲ. 1952ರಲ್ಲಿ ಲೆಡರ್‌ಬರ್ಗ್ ದಂಪತಿ ಇದನ್ನು ಬಹಳ ಸರಳವಾಗಿ ತೋರಿಸಿದರು. ಔಷಧವೇ ಇಲ್ಲದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಮಖಮಲ್ ಬಟ್ಟೆಯನ್ನು ಅದರ ಮೇಲೆ ಒತ್ತಿ, ಅದೇ ಅಚ್ಚನ್ನು ಔಷಧ ಇರುವ ತಟ್ಟೆಗಳಿಗೆ ಒತ್ತಿದರು. ಬದುಕಿದ ಚುಕ್ಕೆಗಳು ಪ್ರತಿ ತಟ್ಟೆಯಲ್ಲೂ ಅದೇ ಜಾಗದಲ್ಲಿ ಬಂದವು. ಮೂಲ ತಟ್ಟೆಯಲ್ಲಿ ಆ ಜಾಗದ ಬ್ಯಾಕ್ಟೀರಿಯಾ ಔಷಧವನ್ನು ಕಂಡೇ ಇರಲಿಲ್ಲ. ಆದರೂ ಅದು ಮೊದಲೇ ಬೇರೆ ಥರ ಇತ್ತು. (ಕೆಲವು ಔಷಧಗಳು ಡಿಎನ್‌ಎಗೆ ಪೆಟ್ಟು ಕೊಟ್ಟು ತಪ್ಪುಗಳ ಪ್ರಮಾಣವನ್ನು ಜಾಸ್ತಿ ಮಾಡುತ್ತವೆ, ಅದು ಹೌದು. ಆದರೆ ಯಾವ ತಪ್ಪು ಆಗಬೇಕು ಅಂತ ಅವು ಆರಿಸುವುದಿಲ್ಲ.)

ಲೆಕ್ಕ ನೋಡಿ. ಒಂದು ಬ್ಯಾಕ್ಟೀರಿಯಾ ಎರಡಾಗುವಾಗ ಡಿಎನ್‌ಎಯ ಒಂದು ನಿರ್ದಿಷ್ಟ ಅಕ್ಷರ ತಪ್ಪಾಗಿ ನಕಲಾಗುವ ಸಾಧ್ಯತೆ ಸಾವಿರ ಕೋಟಿಗೆ ಒಂದರ ಆಸುಪಾಸು. ತೀರಾ ಕಡಿಮೆ ಅನಿಸುತ್ತದೆ. ಆದರೆ ಒಂದು ಗ್ರಾಂ ಮಲದಲ್ಲೇ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಒಂದು ದೊಡ್ಡ ಆಸ್ಪತ್ರೆಯ ಎಲ್ಲ ರೋಗಿಗಳ ಕರುಳನ್ನು ಸೇರಿಸಿ ನೋಡಿದರೆ, ಒಂದಕ್ಷರದ ಬಹುಪಾಲು ತಪ್ಪುಗಳು ಎಲ್ಲೋ ಒಂದು ಕಡೆ ದಿನಾ ಆಗುತ್ತಲೇ ಇರುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸೆಫೊಟ್ಯಾಕ್ಸಿಮ್ ಥರದ ಔಷಧಗಳಿಗೆ ಒಂದು ದಪ್ಪನೆಯ ಪಕ್ಕದ ಗುಂಪು ಇದೆ. ಅದು ಹಳೆಯ ಟೆಮ್-1, ಎಸ್‌ಎಚ್‌ವಿ-1 ಕಿಣ್ವಗಳ ಬಾಯಿಗೆ ಹಿಡಿಸುತ್ತಿರಲಿಲ್ಲ. ಔಷಧ ಗೆದ್ದಿದ್ದೇ ಆ ಕಾರಣಕ್ಕೆ. 1983ರಲ್ಲಿ ಜರ್ಮನಿಯಿಂದ ಒಂದು ವರದಿ ಬಂತು. ಕ್ಲೆಬ್ಸಿಯೆಲ್ಲಾದಲ್ಲಿ ಎಸ್‌ಎಚ್‌ವಿ-2 ಅನ್ನುವ ಹೊಸ ರೂಪ. ಹಳೆಯದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ: 238ನೇ ಜಾಗದಲ್ಲಿ ಗ್ಲೈಸಿನ್ ಬದಲು ಸೆರೀನ್. ಅಷ್ಟರಿಂದಲೇ ಬಾಯಿ ಸ್ವಲ್ಪ ಅಗಲವಾಯಿತು, ದಪ್ಪನೆಯ ಔಷಧ ಒಳಗೆ ಹೋಯಿತು. ನಿಮ್ಮ ರಿಪೋರ್ಟಿನ 'ಇಎಸ್‌ಬಿಎಲ್' ಅಂದರೆ ಹೀಗೆ ಬಾಯಿ ಅಗಲವಾದ ಕಿಣ್ವಗಳ ಗುಂಪು.

ಇಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಬರುತ್ತದೆ. ಆ ಬದಲಾವಣೆ ಪುಕ್ಕಟೆ ಅಲ್ಲ. ಬಾಯಿ ಅಗಲ ಮಾಡಿಕೊಂಡ ಕಿಣ್ವದ ಮೈ ಸಡಿಲವಾಗುತ್ತದೆ, ಬೇಗ ಬಿಚ್ಚಿಕೊಂಡು ಹಾಳಾಗುತ್ತದೆ. ಆಮೇಲೆ ಇನ್ನೊಂದು ಬದಲಾವಣೆ ಬರುತ್ತದೆ: 182ನೇ ಜಾಗದಲ್ಲಿ ಮೆಥಿಯೊನಿನ್ ಬದಲು ಥ್ರಿಯೊನಿನ್. ಇದು ಬಾಯಿಂದ ದೂರ ಇದೆ, ಔಷಧವನ್ನು ಮುಟ್ಟುವುದೇ ಇಲ್ಲ. ಸುಮ್ನೆ ಕಿಣ್ವದ ಮೈಯನ್ನು ಗಟ್ಟಿ ಮಾಡುತ್ತದೆ. ರೋಗಿಗಳಲ್ಲಿ ಸಿಕ್ಕ ಟೆಮ್-52ರಲ್ಲಿ ಈ ಎರಡೂ ಒಟ್ಟಿಗೆ ಇವೆ.

2006ರಲ್ಲಿ ವೈನ್‌ರೈಕ್ ಮತ್ತು ಸಂಗಡಿಗರು ಟೆಮ್ ಕಿಣ್ವದ ಐದು ಬದಲಾವಣೆಗಳನ್ನು ತೆಗೆದುಕೊಂಡರು. ಐದೂ ಸೇರಿದರೆ ಸೆಫೊಟ್ಯಾಕ್ಸಿಮ್ ತಡೆಯುವ ಶಕ್ತಿ ಸುಮಾರು ಒಂದು ಲಕ್ಷ ಪಟ್ಟು ಏರುತ್ತದೆ. ಐದನ್ನು ಒಂದಾದ ಮೇಲೊಂದು ಜೋಡಿಸಲು 120 ದಾರಿಗಳಿವೆ. ಅವುಗಳಲ್ಲಿ 102 ದಾರಿಗಳು ನಡುವೆ ಎಲ್ಲೋ ಮುಗ್ಗರಿಸುತ್ತವೆ. ಅಂದರೆ ಯಾವುದೋ ಒಂದು ಹೆಜ್ಜೆಯಲ್ಲಿ ಶಕ್ತಿ ಏರುವುದಿಲ್ಲ ಅಥವಾ ಇಳಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ ಲಾಭ ಇರುವುದು 18ರಲ್ಲಿ ಮಾತ್ರ. ಹಾಗಾಗಿಯೇ ಒಂದಕ್ಕೊಂದು ಸಂಬಂಧವಿಲ್ಲದ ಊರುಗಳ ಆಸ್ಪತ್ರೆಗಳಲ್ಲಿ ಅದದೇ ಬದಲಾವಣೆಗಳು ಮತ್ತೆ ಮತ್ತೆ ಕಾಣಿಸುತ್ತವೆ. ಗುರಿ ಅಂತ ಏನೂ ಇಲ್ಲ, ಆದರೆ ದಾರಿಗಳು ಕಡಿಮೆ.

ಬೆಂಚಿನಿಂದ:

ನಾನು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕಿಣ್ವಪ್ರಿಯ ಸರ್ ಹೇಳಿದ್ದನ್ನು ನಾವು ಕಣ್ಣಾರೆ ನೋಡುತ್ತೇವೆ, ಅದನ್ನು ಹೇಳುತ್ತೇನೆ.

ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಪೂರ್ತಿ ಸವರುತ್ತೇವೆ. ನಡುವೆ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ (ಕಿಣ್ವವನ್ನು ಕೆಡಿಸುವ ವಸ್ತು) ಇರುವ ಡಿಸ್ಕ್ ಇಡುತ್ತೇವೆ. ಅದರ ಅಕ್ಕಪಕ್ಕ 20ರಿಂದ 30 ಮಿಲಿಮೀಟರ್ ದೂರದಲ್ಲಿ ಸೆಫೊಟ್ಯಾಕ್ಸಿಮ್, ಸೆಫ್ಟಾಜಿಡಿಮ್ ಡಿಸ್ಕುಗಳು. ರಾತ್ರಿಯಿಡೀ ಇನ್‌ಕ್ಯುಬೇಟರ್‌ನಲ್ಲಿ. ಬೆಳಿಗ್ಗೆ ತೆಗೆದರೆ ತಟ್ಟೆ ತುಂಬ ಬೂದು ಬಣ್ಣದ ಬೆಳೆ. ಸೆಫೊಟ್ಯಾಕ್ಸಿಮ್ ಸುತ್ತ ಇರಬೇಕಾದ ಖಾಲಿ ವೃತ್ತ ತೀರಾ ಚಿಕ್ಕದು. ಆದರೆ ಕ್ಲಾವುಲನೇಟ್ ಕಡೆಗಿರುವ ಅಂಚು ಮಾತ್ರ ಆ ಡಿಸ್ಕಿನ ಕಡೆಗೆ ಎಳೆದ ಹಾಗೆ ಚಾಚಿಕೊಂಡಿರುತ್ತದೆ. ಕ್ಲಾವುಲನೇಟ್ ಹರಿದು ಬಂದ ಜಾಗದಲ್ಲಿ ಕಿಣ್ವ ಕೆಟ್ಟಿದೆ, ಅಲ್ಲಿ ಔಷಧ ಕೆಲಸ ಮಾಡಿದೆ. ಎರಡು ಡಿಸ್ಕುಗಳ ನಡುವೆ ಆ ಸ್ವಚ್ಛ ಜಾಗ ಕಂಡರೆ ಇಎಸ್‌ಬಿಎಲ್ ಅಂತ ಬರೆಯುತ್ತೇವೆ. ಎಷ್ಟು ಸಲ ನೋಡಿದರೂ ನನಗೆ ಆ ಆಕಾರ ನೋಡಿದಾಗ ಮೈ ಜುಮ್ ಅನ್ನುತ್ತದೆ.

ಒಂದು ಸೇರಿಸಬೇಕು. ಈಗ ನಮಗೆ ಸಿಗುವ ಇಎಸ್‌ಬಿಎಲ್‌ಗಳಲ್ಲಿ ಹೆಚ್ಚಿನವು ಟೆಮ್ ಅಥವಾ ಎಸ್‌ಎಚ್‌ವಿ ಅಲ್ಲ. ಸಿಟಿಎಕ್ಸ್-ಎಂ ಅನ್ನುವ ಬೇರೆ ಕುಟುಂಬ. ಇದರ ಕಥೆ ಬೇರೆ. ಇದು ಹೆಜ್ಜೆ ಹೆಜ್ಜೆಯಾಗಿ ತಿದ್ದಿಕೊಂಡು ಬಂದಿದ್ದಲ್ಲ. ಕ್ಲೈವೆರಾ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಮನುಷ್ಯರಿಗೆ ಕಾಯಿಲೆ ತರುವುದು ಅಪರೂಪ. ಅದರ ಸ್ವಂತ ಕ್ರೋಮೋಸೋಮಿನಲ್ಲಿ ಈ ಜೀನ್ ಮೊದಲಿಂದ ಇತ್ತು, ಸೆಫೊಟ್ಯಾಕ್ಸಿಮ್ ಕತ್ತರಿಸುವ ಶಕ್ತಿಯ ಸಮೇತ. ಜಾಗ ಬದಲಾಯಿಸುವ ಒಂದು ಡಿಎನ್‌ಎ ತುಣುಕು ಆ ಜೀನ್ ಪಕ್ಕಕ್ಕೆ ಬಂದು ಕೂತು, ಅದನ್ನು ಎತ್ತಿಕೊಂಡು ಪ್ಲಾಸ್ಮಿಡ್ ಮೇಲೆ ಹಾಕಿತು. ಆ ತುಣುಕು ಸಾಗಿಸುವುದಷ್ಟೇ ಅಲ್ಲ, ಜೀನ್ ಜೋರಾಗಿ ಕೆಲಸ ಮಾಡುವಂತೆಯೂ ಮಾಡುತ್ತದೆ. ಪ್ಲಾಸ್ಮಿಡ್ ಅಂದರೆ ಕ್ರೋಮೋಸೋಮಿನ ಹೊರಗಿರುವ ಉಂಗುರದಂಥ ಡಿಎನ್‌ಎ. ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ಮುಟ್ಟಿ ಅದರ ನಕಲು ಕೊಡಬಲ್ಲದು. ಜಾತಿ ಬೇರೆಯಾದರೂ ನಡೆಯುತ್ತದೆ.

ಕಿಣ್ವಪ್ರಿಯ:

ಸರಿಯಾಗಿ ಹೇಳಿದಿರಿ. ಮತ್ತೆ ಪ್ಲಾಸ್ಮಿಡ್ ಮೇಲೆ ಬಂದ ಮೇಲೂ ತಿದ್ದುಪಡಿ ನಿಲ್ಲುವುದಿಲ್ಲ. ಸಿಟಿಎಕ್ಸ್-ಎಂ-3 ಸೆಫ್ಟಾಜಿಡಿಮ್ ಮುಂದೆ ದುರ್ಬಲ. 240ನೇ ಜಾಗದಲ್ಲಿ ಒಂದು ಬದಲಾವಣೆಯಾಗಿ ಸಿಟಿಎಕ್ಸ್-ಎಂ-15 ಆಯಿತು, ಅದು ಸೆಫ್ಟಾಜಿಡಿಮನ್ನೂ ಕತ್ತರಿಸುತ್ತದೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಹರಡಿರುವ ಇಎಸ್‌ಬಿಎಲ್‌ಗಳಲ್ಲಿ ಅದೊಂದು.

ಇರುಳುಪಾಳಿ:

ನಾನು ಐಸಿಯು ನರ್ಸ್. ಅಣುಗಳ ವಿಷಯ ನಿಮ್ಮಷ್ಟು ಗೊತ್ತಿಲ್ಲ. ಆದರೆ ಈ ಚರ್ಚೆಯಲ್ಲಿ 'ಆಸ್ಪತ್ರೆ' ಅನ್ನುವ ಭಾಗ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕಿಣ್ವ ಹುಟ್ಟುವುದು ಎಲ್ಲಾದರೂ ಆಗಬಹುದು. ಅದು ಬೆಳೆದು ಹಬ್ಬುವುದು ನಮ್ಮಲ್ಲಿ. ಯಾಕೆ ಅಂದರೆ ಇಲ್ಲಿ ಹೆಚ್ಚಿನ ಹಾಸಿಗೆಗಳಲ್ಲಿ ಆಂಟಿಬಯೋಟಿಕ್ ನಡೆಯುತ್ತಿರುತ್ತದೆ. ಔಷಧ ರೋಗಿಯ ಕರುಳಿನ ಸಾಧುಜೀವಿಗಳನ್ನೂ ಕೊಲ್ಲುತ್ತದೆ, ಜಾಗ ಖಾಲಿಯಾಗುತ್ತದೆ. ಕಿಣ್ವ ಇರುವ ಬ್ಯಾಕ್ಟೀರಿಯಾಗೆ ಪೈಪೋಟಿಯೇ ಇಲ್ಲ. ಮೂತ್ರದ ಕ್ಯಾತಿಟರ್, ಸೆಂಟ್ರಲ್ ಲೈನ್, ವೆಂಟಿಲೇಟರ್ ಟ್ಯೂಬು, ಇವೆಲ್ಲ ಒಳಗೆ ಹೋಗುವ ದಾರಿಗಳು. ಹಾಸಿಗೆಯಿಂದ ಹಾಸಿಗೆಗೆ ಹೋಗುವುದು ನಮ್ಮ ಕೈಗಳು.

ಸಿಂಕಿನ ಬಗ್ಗೆ ಜಾಸ್ತಿ ಜನ ಯೋಚಿಸುವುದಿಲ್ಲ. ಸಿಂಕಿನ ಕೆಳಗಿನ ಬಾಗು ಪೈಪಿನಲ್ಲಿ ನೀರು ಯಾವಾಗಲೂ ನಿಂತಿರುತ್ತದೆ. ಒಳಗೋಡೆಗೆ ಲೋಳೆ ಕಟ್ಟುತ್ತದೆ. ರೋಗಿಯ ಉಳಿದ ದ್ರವ, ಮಿಕ್ಕ ಔಷಧ ಎಲ್ಲ ಅಲ್ಲಿಗೇ ಸುರಿದರೆ, ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಒಂದೇ ಲೋಳೆಯಲ್ಲಿ ಅಂಟಿಕೊಂಡು ಪ್ಲಾಸ್ಮಿಡ್ ಹಂಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. ನಲ್ಲಿ ನೀರು ನೇರ ತೂತಿಗೇ ಬಿದ್ದರೆ ಹನಿಗಳು ಸುತ್ತ ಸಿಡಿಯುತ್ತವೆ. ಸಿಂಕಿನ ಪಕ್ಕದಲ್ಲಿ ಇಂಜೆಕ್ಷನ್ ಕಲಸಬೇಡಿ ಅಂತ ನಾವು ಹೊಸಬರಿಗೆ ಬಡಿದುಕೊಳ್ಳುವುದು ಅದಕ್ಕೇ.

2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲೇ ಕೆಪಿಸಿ ಕಿಣ್ವ ಇದ್ದ ಕ್ಲೆಬ್ಸಿಯೆಲ್ಲಾ 18 ರೋಗಿಗಳಿಗೆ ಹರಡಿತು, 11 ಜನ ತೀರಿಕೊಂಡರು. ಅವರಲ್ಲಿ 6 ಸಾವುಗಳಿಗೆ ಈ ಸೋಂಕೇ ಕಾರಣ ಅಂತ ವರದಿಯಾಯಿತು. ಬ್ಯಾಕ್ಟೀರಿಯಾಗಳ ಪೂರ್ತಿ ಡಿಎನ್‌ಎ ಓದಿ ನೋಡಿದಾಗ ಎಲ್ಲವೂ ಒಬ್ಬ ರೋಗಿಯಿಂದ ಬಂದಿದ್ದು ಅಂತ ಗೊತ್ತಾಯಿತು. ಅಷ್ಟು ಸೌಕರ್ಯ ಇದ್ದ ಜಾಗದಲ್ಲೇ ಹೀಗಾಯಿತು. ಇದನ್ನು ಓದಿದ ಮೇಲೆ ಕೈ ತೊಳೆಯುವುದನ್ನು ಸಣ್ಣ ಕೆಲಸ ಅಂತ ಯಾರಾದರೂ ಅಂದರೆ ನನಗೆ ಸಿಟ್ಟೇ ಬರುತ್ತದೆ.

ಎರಡುಬಾರಿಕೇಳು:

ಕಣ್ಣು ತೆರೆಸುವ ಹಾಗಿದೆ ಮೇಡಂ. ಇನ್ನೊಂದು ಕೇಳುತ್ತೇನೆ. ಕ್ಲಾವುಲನೇಟ್ ಕಿಣ್ವವನ್ನು ಕೆಡಿಸುತ್ತದೆ ಅಂದರಲ್ಲ, ಹಾಗಾದರೆ ಎಲ್ಲ ಔಷಧಕ್ಕೂ ಅದನ್ನು ಬೆರೆಸಿ ಕೊಟ್ಟರೆ ಸಮಸ್ಯೆ ಮುಗಿಯಲಿಲ್ಲವೇ?

ಕಿಣ್ವಪ್ರಿಯ:

ಮುಗಿಯಲಿಲ್ಲ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಜೋಡಿ 1981ರಿಂದ ಬಳಕೆಯಲ್ಲಿದೆ. 1990ರ ದಶಕದ ಶುರುವಿನ ಹೊತ್ತಿಗೆ ಕ್ಲಾವುಲನೇಟ್‌ಗೆ ಜಗ್ಗದ ಟೆಮ್ ರೂಪಗಳು ಬಂದವು. ಆದರೆ ಅವುಗಳಲ್ಲಿ ಹೆಚ್ಚಿನವು ಸೆಫೊಟ್ಯಾಕ್ಸಿಮ್ ಥರದ ಔಷಧಗಳ ಮುಂದೆ ಸೋಲುತ್ತವೆ. ಒಂದು ಕಡೆ ಗಳಿಸಿದರೆ ಇನ್ನೊಂದು ಕಡೆ ಕಳೆದುಕೊಳ್ಳುವುದು ಈ ಕಿಣ್ವಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಇರುಳುಪಾಳಿ ಅವರು ಹೇಳಿದ ಕೆಪಿಸಿಯನ್ನೇ ನೋಡಿ. ಅದು ಮೆರೊಪೆನೆಮನ್ನೂ ಕತ್ತರಿಸುತ್ತದೆ. ಅದಕ್ಕೆ ಎದುರಾಗಿ ಸೆಫ್ಟಾಜಿಡಿಮ್ ಜೊತೆ ಅವಿಬ್ಯಾಕ್ಟಮ್ (ಇದೂ ಕ್ಲಾವುಲನೇಟ್ ಥರ ಕಿಣ್ವವನ್ನು ತಡೆಯುವ ವಸ್ತು) ಸೇರಿಸಿದ ಔಷಧ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬೇಗನೇ 179ನೇ ಜಾಗದಲ್ಲಿ ಬದಲಾದ ಕೆಪಿಸಿ ಸಿಕ್ಕಿತು. ಅದು ಸೆಫ್ಟಾಜಿಡಿಮನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅವಿಬ್ಯಾಕ್ಟಮ್‌ಗೆ ಜಾಗ ಸಿಗುವುದಿಲ್ಲ. ಆದರೆ ಮೆರೊಪೆನೆಮ್ ಕತ್ತರಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಹಾಗಂತ ಮತ್ತೆ ಮೆರೊಪೆನೆಮ್‌ಗೆ ಹಿಂದಿರುಗಿದರೆ ಗೆದ್ದೆವು ಅಂತ ಅಲ್ಲ. ಮೆರೊಪೆನೆಮ್‌ನಲ್ಲಿ ಬೆಳೆಸಿದರೆ ಅದನ್ನು ಮತ್ತೆ ತಡೆಯುವ ರೂಪಗಳು ಮೇಲೆ ಬರುವುದನ್ನು ಲ್ಯಾಬಿನಲ್ಲಿ ನೋಡಿದ್ದಾರೆ.

ಎನ್‌ಡಿಎಂ-1 ಅನ್ನುವ ಕಿಣ್ವ ಇನ್ನೂ ಬೇರೆ. ಅದರಲ್ಲಿ ಸೆರೀನ್ ಕೆಲಸವೇ ಇಲ್ಲ. ಎರಡು ಸತುವಿನ ಅಯಾನುಗಳು ನೀರನ್ನು ಹಿಡಿದು ಉಂಗುರವನ್ನು ನೇರವಾಗಿ ಕಡಿಯುತ್ತವೆ. ಸೆರೀನ್‌ಗೆ ಅಂಟುವ ಕ್ಲಾವುಲನೇಟ್, ಅವಿಬ್ಯಾಕ್ಟಮ್ ಎರಡೂ ಅಲ್ಲಿ ನಡೆಯುವುದಿಲ್ಲ. ಎನ್‌ಡಿಎಂ ಮುರಿಯದೆ ಬಿಟ್ಟುಬಿಡುವ ಒಂದು ಔಷಧ ಆಜ್ಟ್ರಿಯೋನಾಮ್. ಆದರೆ ಎನ್‌ಡಿಎಂ ಇರುವ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಸಿಟಿಎಕ್ಸ್-ಎಂ-15 ಕೂಡ ಇರುತ್ತದೆ, ಅದು ಆಜ್ಟ್ರಿಯೋನಾಮನ್ನು ಮುರಿಯುತ್ತದೆ. ಹಾಗಾಗಿ ಆಜ್ಟ್ರಿಯೋನಾಮ್ ಜೊತೆ ಅವಿಬ್ಯಾಕ್ಟಮ್ ಸೇರಿಸಿದರು. ಸಿಟಿಎಕ್ಸ್-ಎಂ ಕಡೆ ಅವಿಬ್ಯಾಕ್ಟಮ್ ನೋಡಿಕೊಳ್ಳುತ್ತದೆ, ಆಜ್ಟ್ರಿಯೋನಾಮ್ ಗೋಡೆಯ ಕೆಲಸ ನಿಲ್ಲಿಸುತ್ತದೆ. ಈ ಜೋಡಿಗೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿತು. ಕಿಣ್ವಗಳ ಒಳಗನ್ನು ಅಷ್ಟು ವರ್ಷ ಕೂತು ಓದಿದ್ದರ ಫಲ ಇದು.

ಎನ್‌ಡಿಎಂ ಬಗ್ಗೆ ಇನ್ನೊಂದು. ಸೋಂಕಾದಾಗ ನಮ್ಮ ದೇಹ ಬ್ಯಾಕ್ಟೀರಿಯಾಗೆ ಸತು ಸಿಗದಂತೆ ಅದನ್ನು ಬಚ್ಚಿಡುತ್ತದೆ. ಸತು ಇಲ್ಲದೆ ಎನ್‌ಡಿಎಂ ನಿಷ್ಪ್ರಯೋಜಕ. ಆಮೇಲೆ ಬಂದ ಎನ್‌ಡಿಎಂ ರೂಪಗಳಲ್ಲಿ ಹಲವು ಸತುವನ್ನು ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಅಂದರೆ ಇಲ್ಲಿ ಆಯ್ಕೆ ಮಾಡುತ್ತಿರುವುದು ಔಷಧ ಮಾತ್ರ ಅಲ್ಲ, ರೋಗಿಯ ದೇಹವೂ ಹೌದು.

ಓದುಬಾಕಿ:

ಫಾರ್ಮಸಿ ವಿದ್ಯಾರ್ಥಿನಿ ನಾನು. ಪೆನಿಸಿಲಿನ್ ಪ್ರಕೃತಿಯಲ್ಲಿ ಇತ್ತು, ಅದಕ್ಕೆ ಕಿಣ್ವವೂ ಇತ್ತು, ಸರಿ. ಸಿಪ್ರೊಫ್ಲಾಕ್ಸಾಸಿನ್ ಪೂರ್ತಿ ಮನುಷ್ಯ ಮಾಡಿದ್ದು. ಅದಕ್ಕೆ ಕಿಣ್ವ ಬರಲು ಸಾಧ್ಯವೇ ಇಲ್ಲ ಅಲ್ವಾ ಸರ್?

ಕಿಣ್ವಪ್ರಿಯ:

ಬಂದಿದೆ ಓದುಬಾಕಿ ಅವರೇ, 2006ರಲ್ಲಿ ವರದಿಯಾಯಿತು. ಅಮಿಕಾಸಿನ್ ಗುಂಪಿನ ಔಷಧಗಳಿಗೆ ಅಸಿಟೈಲ್ ಗುಂಪು ಅಂಟಿಸಿ ಕೆಡಿಸುವ ಹಳೆಯ ಕಿಣ್ವ ಒಂದಿತ್ತು. ಎರಡು ಅಮೈನೋ ಆಮ್ಲಗಳು ಬದಲಾಗಿ ಅದು ಸಿಪ್ರೊಫ್ಲಾಕ್ಸಾಸಿನ್‌ನ ಒಂದು ಸಾರಜನಕಕ್ಕೂ ಅದೇ ಗುಂಪನ್ನು ಅಂಟಿಸತೊಡಗಿತು. ಅದೇ ಜಾತಿಯ ಇನ್ನೊಂದು ಔಷಧ ಲೆವೊಫ್ಲಾಕ್ಸಾಸಿನ್‌ನಲ್ಲಿ ಆ ಸಾರಜನಕದ ಮೇಲೆ ಮೀಥೈಲ್ ಗುಂಪು ಮೊದಲೇ ಕೂತಿದೆ, ಅದಕ್ಕೆ ಅದು ತಪ್ಪಿಸಿಕೊಳ್ಳುತ್ತದೆ. ಈ ಕಿಣ್ವ ಕೊಡುವ ರಕ್ಷಣೆ ಸ್ವಲ್ಪವೇ. ಆದರೆ ಆ ಸ್ವಲ್ಪದಲ್ಲಿ ಬದುಕುಳಿದದ್ದು ಮುಂದಿನ ಬದಲಾವಣೆ ಆಗುವವರೆಗೆ ಕಾಯುತ್ತದೆ.

ನೀಲಿಶಾಯಿ:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಹಾಗಾದರೆ ಆ ಔಷಧ ನಿಲ್ಲಿಸಿದರೆ ಆ ಕಿಣ್ವ ಹೊರಟುಹೋಗುತ್ತದೆಯೇ? ಅತ್ತೆಯವರ ವಿಷಯದಲ್ಲಿ ಮುಂದೆ ನಾವು ಏನು ನೆನಪಿಡಬೇಕು?

ಕಿಣ್ವಪ್ರಿಯ:

ಪೂರ್ತಿ ಹೋಗುವುದಿಲ್ಲ, ಹೋದರೂ ನಿಧಾನ. ಪ್ಲಾಸ್ಮಿಡ್ ಹೊರುವುದು ಬ್ಯಾಕ್ಟೀರಿಯಾಗೆ ಹೊರೆಯೇ. ಆದರೆ ಕಾಲ ಕಳೆದ ಹಾಗೆ ಬೇರೆ ಬದಲಾವಣೆಗಳಿಂದ ಹೊರೆ ಹಗುರವಾಗುತ್ತದೆ. ಹಲವು ಪ್ಲಾಸ್ಮಿಡ್‌ಗಳು ಒಂದು ವಿಷ ಮತ್ತು ಅದರ ಪ್ರತಿವಿಷ ಎರಡರ ಜೀನನ್ನೂ ಹೊತ್ತಿರುತ್ತವೆ. ಪ್ಲಾಸ್ಮಿಡ್ ಕಳೆದುಕೊಂಡ ಮರಿಯಲ್ಲಿ ಪ್ರತಿವಿಷ ಬೇಗ ಕರಗುತ್ತದೆ, ವಿಷ ಉಳಿಯುತ್ತದೆ, ಮರಿ ಸಾಯುತ್ತದೆ. ಜೊತೆಗೆ ಒಂದೇ ಪ್ಲಾಸ್ಮಿಡ್ ಮೇಲೆ ನಾಲ್ಕೈದು ಔಷಧಗಳ ಜೀನ್ ಇರುತ್ತವೆ. ಸೆಫೊಟ್ಯಾಕ್ಸಿಮ್ ನಿಲ್ಲಿಸಿ ಇನ್ನೊಂದನ್ನು ಕೊಟ್ಟರೂ ಇಡೀ ಗಂಟು ಉಳಿದುಕೊಳ್ಳುತ್ತದೆ. ಅದಕ್ಕೇ ಬೇಡದ ಕಡೆ ಯಾವ ಆಂಟಿಬಯೋಟಿಕ್ಕೂ ಬೇಡ ಅಂತ ನಾನು ಗಟ್ಟಿಯಾಗಿ ಹೇಳುವುದು.

ಬೆಂಚಿನಿಂದ:

ನನ್ನ ಕಡೆಯಿಂದ ಒಂದೇ ಕೋರಿಕೆ. ಮುಂದೆ ಸೋಂಕಿನ ಅನುಮಾನ ಬಂದರೆ, ಸಾಧ್ಯವಿದ್ದಾಗೆಲ್ಲ ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುಂಚೆಯೇ ಕಲ್ಚರ್‌ಗೆ ಮಾದರಿ ಕೊಡಿ. ಔಷಧ ಬಿದ್ದ ಮೇಲೆ ಬಂದ ಮಾದರಿಯಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಆಗ ಡಾಕ್ಟರು ಊಹೆಯ ಮೇಲೆ ಜೋರಾದ ಔಷಧವನ್ನೇ ಮುಂದುವರಿಸಬೇಕಾಗುತ್ತದೆ.

ಇರುಳುಪಾಳಿ:

ನೀಲಿಶಾಯಿ ಅವರೇ, ಆ ರಿಪೋರ್ಟನ್ನು ಎಸೆಯಬೇಡಿ. ಸೋಂಕು ವಾಸಿಯಾದರೂ ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದು, ಕೆಲವರಲ್ಲಿ ವರ್ಷ ಮೀರಿಯೂ. ಅದರಿಂದ ತೊಂದರೆ ಇಲ್ಲದಿದ್ದರೆ ಅದಕ್ಕೆ ಅಂತ ಔಷಧ ಬೇಕಿಲ್ಲ. ಆದರೆ ಮತ್ತೆ ಎಲ್ಲಿ ದಾಖಲಾದರೂ, ಆಪರೇಷನ್‌ಗೆ ಹೋದರೂ, ಮೊದಲ ದಿನವೇ ತೋರಿಸಿ. ಕ್ಯಾತಿಟರ್ ಹಾಕಿದರೆ "ಇನ್ನೂ ಬೇಕಾ?" ಅಂತ ದಿನಾ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನಾವಂತೂ ಮಾಡಿಕೊಳ್ಳುವುದಿಲ್ಲ.

ನೀಲಿಶಾಯಿ:

ಖಂಡಿತ ಮೇಡಂ. ರಿಪೋರ್ಟನ್ನು ಅವರ ಫೈಲಿನ ಮೊದಲ ಪುಟಕ್ಕೇ ಹಾಕಿದೆ. ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸಿದ್ದೇನೆ.